ಸೊನ್ನೆಯ ಮೇಲೆ ನಿಂತ ಮುಳ್ಳು

ಆ ದಿನ ಮೇಜಿನ ಸುತ್ತ ನಾವು ನಾಲ್ವರಿದ್ದೆವು. ಬೀದರಿನ ಮೈಲೂರಿನಲ್ಲಿರುವ ನಮ್ಮ ಮನೆಯ ಹಿಂದಿನ ಕೋಣೆ. ಊಟದ ಹೊತ್ತು ಮೀರಿದ ಮಧ್ಯಾಹ್ನ. ಕಿಟಕಿಯ ಬದಿಗೆ ನಾನು; ನನ್ನ ಎಡಕ್ಕೆ, ದವಾಖಾನೆಯಲ್ಲಿ ನರ್ಸಾಗಿ ಆಯುಷ್ಯ ಸವೆಸಿ ನಿವೃತ್ತಳಾದ ನನ್ನ ಹೆಂಡತಿ ಪ್ರಮೀಳಾ; ಎದುರಿಗೆ, ಭಾಲ್ಕಿಯಿಂದ ಬಸ್ಸು ಹಿಡಿದು ಬಂದ ಕಾಶೀಬಾಯಿ; ಅವಳಿಂದ ಎರಡು ಮೊಳ ದೂರದಲ್ಲಿ, ಕುರ್ಚಿಯನ್ನು ಬಾಗಿಲ ಕಡೆಗೆ ಅರ್ಧ ತಿರುಗಿಸಿಕೊಂಡು ಕುಳಿತ ಅವಳ ಗಂಡನ ಅಣ್ಣ ಮಾಣಿಕರಾವ. ಮೇಜಿನ ನಟ್ಟನಡುವೆ ಒಂದು ಟವೆಲಿನ ಗಂಟು. ನೀಲಿ ಅಂಚಿನ, ಒಗೆದೊಗೆದು ಜಾಳಾದ ಆ ಟವೆಲು ನನಗೆ ಪರಿಚಿತ. ಕಾಶೀಬಾಯಿಯ ಗಂಡ ನಾಮದೇವ ಕೆಲಸಕ್ಕೆ ಹೋಗುವಾಗ ರೊಟ್ಟಿ ಕಟ್ಟಿಕೊಳ್ಳುತ್ತಿದ್ದುದು ಅದರಲ್ಲಿಯೇ. ಈಗ ಅದರಲ್ಲಿ ರೊಟ್ಟಿಯಿರಲಿಲ್ಲ, ರೊಟ್ಟಿ ತಿನ್ನುವವನೂ ಇರಲಿಲ್ಲ. ನಾಮದೇವನ ಹದಿಮೂರನೆಯ ದಿನದ ಕಾರ್ಯ ಮುಗಿದು ಎರಡು ದಿನವಾಗಿತ್ತು. ಗಂಟಿನೊಳಗಿದ್ದುದು ಅವನ ಮೀಟರು: ಎಷ್ಟೋ ವರ್ಷಗಳ ಹಿಂದೆ ನಾನು ಇದೇ ಮೇಜಿನ ಮೇಲೆ ದುರಸ್ತಿ ಮಾಡಿ ಅವನ ಕೈಗಿತ್ತ, ಮುಳ್ಳು ಓಡುವ ಹಳೆಯ ಮಲ್ಟಿಮೀಟರು.

ಗಂಟು ಬಿಚ್ಚುವ ಮುನ್ನ ಈ ಮೇಜಿನ ಮಾತು ಸ್ವಲ್ಪ ಹೇಳಬೇಕು, ಬೇಸರಿಸಬೇಡಿ. ಇದು ನಮ್ಮಜ್ಜನದು. ಮಿಷನ್ ಸಾಲೆಯಲ್ಲಿ ಮಾಸ್ತರನಾಗಿದ್ದ ಆತ ಇದರ ಮೇಲೆ ಮಕ್ಕಳ ಪಾಟಿಗಳನ್ನು ತಿದ್ದಿದ. ನಾನು ತಿದ್ದುವುದು ಮೀಟರುಗಳನ್ನು. ಪಾಲಿಟೆಕ್ನಿಕ್ಕಿನ ಪ್ರಯೋಗಶಾಲೆಯಲ್ಲಿ ನೌಕರಿ ಮುಗಿಸಿ ಮನೆಗೆ ಬಂದವನಿಗೆ ಕೈಗಳು ಸುಮ್ಮನೆ ಕೂರಲು ಒಪ್ಪಲಿಲ್ಲ. ಹೈದರಾಬಾದಿನ ಗುಜರಿ ಅಂಗಡಿಗಳಿಂದ, ಬಾಗಿಲು ಹಾಕಿದ ಕಾರ್ಖಾನೆಗಳ ಹರಾಜಿನಿಂದ, ಗೋಣಿಚೀಲದೊಳಗೆ ಒಂದರ ಮೇಲೊಂದು ಬಿದ್ದುಕೊಂಡು ಅವು ನಮ್ಮ ಮನೆ ಸೇರತೊಡಗಿದವು: ಪರದೆ ಮಂಜಾದ ಆಸಿಲೋಸ್ಕೋಪು, ಗಾಜು ಒಡೆದ ವೋಲ್ಟ್‌ಮೀಟರು, ಯಾರೋ ಸಿಟ್ಟಿನಲ್ಲಿ ಎಸೆದಂತೆ ಮೂಲೆ ಜಜ್ಜಿದ ಪವರ್ ಸಪ್ಲೈ. ಅಳೆಯುವುದಕ್ಕೆಂದೇ ಹುಟ್ಟಿ, ಈಗ ತಾವೇ ಯಾವ ಅಳತೆಗೂ ಸಿಗದೆ ಕುಳಿತ ಜೀವಗಳು. ಮುಚ್ಚಳ ತೆಗೆದರೆ ಒಳಗೊಂದು ಸತ್ತ ಪತಂಗ, ಯಾರದೋ ಪೆನ್ಸಿಲ್ಲಿನ ಸಹಿ, ಎಂದೋ ಯಾರೋ ಅವಸರದಲ್ಲಿ ಹಾಕಿದ ಬೆಸುಗೆ. ಬೆಸುಗೆ ನೋಡಿದರೆ ಕೈಯ ಸ್ವಭಾವ ತಿಳಿಯುತ್ತದೆ. ಧಾರಾಳಿಯ ಬೆಸುಗೆ ಲಡ್ಡುವಿನಂತೆ ದಪ್ಪ, ಜಿಪುಣನದು ಹಲ್ಲಿಗೆ ಸಿಕ್ಕ ಅಕ್ಕಿಕಾಳಿನಷ್ಟು. ನನ್ನದು ಹೊಳೆಯುವ ಸಣ್ಣ ಗೋಪುರ. ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ಈ ಹೆಮ್ಮೆಯ ಪಾಡೇನಾಯಿತೆಂಬುದು ಮುಂದೆ ಬರುತ್ತದೆ.

ನಮ್ಮಜ್ಜನಿಗೊಂದು ಚಾಳಿಯಿತ್ತು. ಭಾಲ್ಕಿಯ ಸಂತೆಯಲ್ಲಿ ಜೋಳ ಕೊಳ್ಳುವ ಮೊದಲು ಅಂಗಡಿಯವನ ತಕ್ಕಡಿಯ ಎರಡೂ ತಟ್ಟೆ ಖಾಲಿ ಮಾಡಿಸಿ ಎತ್ತಿಸುತ್ತಿದ್ದ. ಆಮೇಲೆ ಕಲ್ಲನ್ನು ಆಚೆ, ಕಾಳನ್ನು ಈಚೆ ಹಾಕಿಸಿ ಮತ್ತೊಮ್ಮೆ ಎತ್ತಿಸುತ್ತಿದ್ದ. ಅಂಗಡಿಯವನು "ಮಾಸ್ತರ್ರ, ನನ್ನ ಮ್ಯಾಲ ಭರೋಸಾ ಇಲ್ಲೇನ್ರಿ?" ಅಂದರೆ, "ನಿನ್ನ ಮ್ಯಾಲ ಅದಪಾ, ನಿನ್ನ ತಕ್ಕಡಿ ಮ್ಯಾಲ ಇನ್ನ ಆಗಬೇಕಾಗ್ಯದ" ಎನ್ನುತ್ತಿದ್ದನಂತೆ. ತೂಗುವುದನ್ನೇ ಮೊದಲು ತೂಗು ಎಂಬ ಈ ಪಾಠವನ್ನು ನಾನು ಪ್ರಯೋಗಶಾಲೆಯಲ್ಲಿ ನೂರಾರು ಹುಡುಗ ಹುಡುಗಿಯರಿಗೆ ಬೇರೆ ಮಾತಿನಲ್ಲಿ ಹೇಳಿಕೊಟ್ಟೆ. ಯಾವುದೇ ತಂತಿಯನ್ನು ಮುಟ್ಟುವ ಮೊದಲು ಮೀಟರಿನ ಮೊನೆಗಳನ್ನು ಕರೆಂಟು ಇದ್ದೇ ಇದೆ ಎಂದು ಗೊತ್ತಿರುವ ಜಾಗಕ್ಕೆ ಹಿಡಿಯಿರಿ. ಮುಳ್ಳು ಎದ್ದರೆ ಮೀಟರು ಜೀವಂತ. ಆಮೇಲೆ ಮುಟ್ಟಬೇಕಾದ ಜಾಗಕ್ಕೆ ಹಿಡಿಯಿರಿ. ಆಮೇಲೆ ಮತ್ತೆ ಮೊದಲಿನ ಜಾಗಕ್ಕೆ. ಯಾಕೆಂದರೆ ಮೀಟರಿನ ಸೊನ್ನೆಗೆ ಎರಡು ಅರ್ಥ. ತಂತಿ ಸತ್ತಿದ್ದರೂ ಸೊನ್ನೆ, ಮೀಟರು ಸತ್ತಿದ್ದರೂ ಸೊನ್ನೆ. ಎರಡು ಸೊನ್ನೆಗಳ ಮುಖದಲ್ಲಿ ಕೂದಲೆಳೆಯ ವ್ಯತ್ಯಾಸವೂ ಇರುವುದಿಲ್ಲ.

ಪ್ರಮೀಳಾ ಇದನ್ನು ಕೇಳಿ ಒಮ್ಮೆ ಹೇಳಿದ್ದಳು: ವಾರ್ಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಅಂಜಬೇಕಾದದ್ದು ನರಳುವ ರೋಗಿಗಲ್ಲ, "ಏನೂ ಇಲ್ರಿ ಸಿಸ್ಟರ್, ಆರಾಮ ಇದ್ದೀನಿ" ಎನ್ನುವವನಿಗೆ. ಅದು ಯಾವ ಸೊನ್ನೆ ಎಂದು ತಿಳಿಯದೆ ಮುಂದಿನ ಮಂಚಕ್ಕೆ ಹೋಗಬಾರದು.

ಇನ್ನು ನಾಮದೇವ. ಔರಾದ ತಾಲೂಕಿನ ಡಾಬಕಾದವನು. ಅಲ್ಲಿಂದ ನಾಲ್ಕು ಹೆಜ್ಜೆಗೆ ಮಹಾರಾಷ್ಟ್ರ, ಹಾಗಾಗಿ ನಗುವುದು ಕನ್ನಡದಲ್ಲಿ, ಬೈಯುವುದು ಮರಾಠಿಯಲ್ಲಿ. ಏಳನೆಯ ತರಗತಿಗೆ ಸಾಲೆ ಬಿಟ್ಟು, ಭಾಲ್ಕಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಹಾಕಿದ್ದ. ಸುಟ್ಟ ಮೋಟರಿನ ಹೊಟ್ಟೆಯಿಂದ ಕರಿ ತಂತಿ ಕಿತ್ತು ಹೊಸ ತಾಮ್ರದ ಸುರುಳಿ ಕೂಡಿಸುವ ಕೆಲಸ. ಸುರುಳಿ ಸುತ್ತುವುದು ಕಾಶೀಬಾಯಿ, ಕೂಡಿಸುವುದು ನಾಮದೇವ. ಮೊದಲ ಸಲ ಅವನು ನಮ್ಮ ಮನೆಗೆ ಬಂದಾಗ ಕೋಣೆಯ ತುಂಬ ಮುಚ್ಚಳ ತೆಗೆದ ಯಂತ್ರಗಳನ್ನು ನೋಡಿ, ಒಳಗೆ ಕಾಲಿಡದೆ, "ಸಿಸ್ಟರಮ್ಮಾರು ದವಾಖಾನಿ ಬಿಟ್ಟು ಬಂದ್ರ, ಸರ್ ಮನ್ಯಾಗ ದವಾಖಾನಿ ತೆಗ್ದಾರ. ಇಲ್ಲಿ ಹೊರಗ ಚಪ್ಪಲಿ ಬಿಡಬೇಕೇನ್ರಿ?" ಎಂದು ಪ್ರಮೀಳಾಳನ್ನು ಕೇಳಿದ್ದ. ಆಮೇಲೆ ಅವನಿಗಾಗಿ ನಾನೊಂದು ಮಲ್ಟಿಮೀಟರು ಸಿದ್ಧಮಾಡಿದೆ. ನಾಲ್ಕು ದಿನ ಹಿಡಿಯಿತು. ಅಂಟಿಕೊಂಡ ಮುಳ್ಳು ಬಿಡಿಸಿದೆ, ಸುಟ್ಟದ್ದು ಬದಲಿಸಿದೆ, ಬೆನ್ನಿನ ಮುಚ್ಚಳ ಹಾಕಿ ನಡುವಿನ ತಿರುಪಿನ ಮೇಲೆ, ಮಗಳು ಮದುವೆಯಾಗಿ ಹೋಗುವಾಗ ಬಿಟ್ಟುಹೋಗಿದ್ದ ನೇಲ್ ಪಾಲಿಶಿನ ಒಂದು ಕೆಂಪು ಹನಿ ಇಟ್ಟೆ. ಅದು ನನ್ನ ಮುದ್ರೆ. ಆ ಹನಿ ಒಡೆಯದೆ ಇದ್ದರೆ ಬೇರೆ ಯಾರೂ ಒಳಗೆ ಕೈಹಾಕಿಲ್ಲ ಎಂದು ಅರ್ಥ. ಭಾಲ್ಕಿ, ಔರಾದ, ಸಂತಪುರದ ಎಷ್ಟೋ ಅಂಗಡಿಗಳಲ್ಲಿ ಆ ಕೆಂಪು ಹನಿಯ ಮೀಟರುಗಳಿವೆ ಎಂಬುದು ನನ್ನ ಗುಟ್ಟಿನ ಸುಖವಾಗಿತ್ತು.

ಮೂರು ಸಲ ಮುಟ್ಟುವ ಪಾಠವನ್ನು ನಾಮದೇವನಿಗೂ ಹೇಳಿದ್ದೆ. ಅವನು ಅದನ್ನು ಶ್ರದ್ಧೆಯಿಂದ ಪಾಲಿಸುತ್ತಿದ್ದ, ಇನ್ನೊಬ್ಬರ ಮೀಟರು ಕೈಗೆ ಬಂದಾಗ. ನನ್ನ ಮೀಟರಿಗೆ ಆ ಪರೀಕ್ಷೆಯಿಂದ ವಿನಾಯಿತಿ. ಒಮ್ಮೆ ನನ್ನೆದುರೇ ಹಾಗೆ ಮಾಡಿದಾಗ ಗದರಿದೆ. ಅವನು ಮೀಟರನ್ನು ಬೋರಲು ಮಾಡಿ ಕೆಂಪು ಹನಿ ತೋರಿಸಿ, "ನಿಮ್ಮ ಮುದ್ರಿ ಇದ್ದಿದ್ದಕ್ಕ ನಾ ಮತ್ತ ಪರೀಕ್ಷಾ ಮಾಡಿದ್ರ ಅದು ನಿಮಗ ಅವಮಾನ ಅಲ್ಲೇನ್ರಿ ಸರ್?" ಎಂದ. ಗದರಿಕೆಯನ್ನು ಮುಂದುವರಿಸಬೇಕಾಗಿತ್ತು. ನಾನು ನಕ್ಕೆ. ನಗುವಿನಲ್ಲಿ ಎಷ್ಟು ಸಂತೋಷವಿತ್ತೆಂದು ಈಗ ನೆನೆದರೆ ಮೈ ಮುದುಡುತ್ತದೆ.

ನಮ್ಮ ಭಾಗದಲ್ಲಿ ಮಹಾನವಮಿಗೆ ಖಂಡೇಪೂಜೆ. ಕೈಗೆ ಅನ್ನ ಕೊಡುವ ಹತ್ಯಾರಗಳನ್ನೆಲ್ಲ ತೊಳೆದು, ಸಾಲಾಗಿ ಇಟ್ಟು, ಅರಿಶಿನ ಕುಂಕುಮ ಹಚ್ಚಿ ಕೈಮುಗಿಯುವ ದಿನ. ನಾವು ಮೆಥೋಡಿಸ್ಟರು, ನಮ್ಮ ಮನೆಯಲ್ಲಿ ಆ ಪದ್ಧತಿಯಿಲ್ಲ. ಆದರೆ ನಾಮದೇವನ ಅಂಗಡಿಯ ಪೂಜೆಗೆ ಪ್ರತಿ ವರ್ಷ ಕರೆ ಬರುತ್ತಿತ್ತು, ಪ್ರತಿ ವರ್ಷ ನಾವಿಬ್ಬರೂ ಹೋಗಿ ಹೋಳಿಗೆ ಉಂಡು ಬರುತ್ತಿದ್ದೆವು. ತಂತಿ ಹಿಡಿಯುವ ಪಕ್ಕಡ, ಸುತ್ತಿಗೆ, ಸುರುಳಿ ಸುತ್ತುವ ಯಂತ್ರ ಎಲ್ಲಕ್ಕೂ ಕಾಶೀಬಾಯಿ ಬೊಟ್ಟಿಡುತ್ತಿದ್ದಳು. ಮೀಟರಿನ ಸರದಿ ಬಂದಾಗ ಒಂದು ಕ್ಷಣ ನಿಂತು, ಅರಿಶಿನವನ್ನು ಎರಡು ಹನಿ ನೀರಲ್ಲಿ ಕಲಸಿ, ನಡುವೆ ಇರುವ ತಿರುಗುವ ಗುಂಡಿಯ ಮೇಲೆ ತುಂಬು ಬೊಟ್ಟು ಇಟ್ಟು, ಅದರ ಮೇಲೆ ಕುಂಕುಮ ಉದುರಿಸುತ್ತಿದ್ದಳು. ದುಂಡಗಿನ ಗುಂಡಿ, ಹಣೆಯಂತೆ. ಉಳಿದುದಕ್ಕೆಲ್ಲ ಒಂದು ಬೆರಳಿನಷ್ಟಾದರೆ ಮೀಟರಿಗೆ ಒಂದು ಹಿಡಿಯಷ್ಟು ಭಕ್ತಿ. "ಇದು ಸರ್ ಕೊಟ್ಟಿದ್ದು, ಇದಕ್ಕ ಜಾಸ್ತಿ" ಎಂದು ನಾಮದೇವ ನನ್ನ ಕಡೆ ಕಣ್ಣು ಹೊಡೆಯುತ್ತಿದ್ದ. ನಾನು ಅದನ್ನು ವರ್ಷ ವರ್ಷವೂ ನೋಡಿದೆ. ಚೆಂದ ಕಾಣುತ್ತಿತ್ತು.

ಅವನ ಸಾವು ಆದದ್ದು ಸಂತಪುರದ ಹತ್ತಿರ ಒಂದು ಹೊಲದಲ್ಲಿ, ಹಗಲು ಹನ್ನೊಂದರ ಬಿಸಿಲಿನಲ್ಲಿ. ಬೋರಿನ ಮೋಟರು ನಿಂತಿತ್ತು. ಹೊಲದ ಯಜಮಾನ ಮೇನ್ ಸ್ವಿಚ್ಚಿನ ಹಿಡಿಕೆ ಕೆಳಗೆಳೆದು, ಇವನಿಗೆ ಚಹಾ ತರಲು ಮನೆಗೆ ಹೋದ. ಹಿಡಿಕೆ ಕೆಳಗೆ ಬಂದರೂ ಒಳಗಿನ ಮೂರು ತಾಮ್ರದ ನಾಲಗೆಗಳಲ್ಲಿ ಒಂದು ಕಚ್ಚಿದ್ದನ್ನು ಬಿಟ್ಟಿರಲಿಲ್ಲ. ಯಜಮಾನ ಚಹಾ ಹಿಡಿದು ತಿರುಗಿ ಬಂದಾಗ ನಾಮದೇವ ಸ್ಟಾರ್ಟರ್ ಡಬ್ಬಿಯ ಬುಡದಲ್ಲಿ ಮಗ್ಗುಲಾಗಿ ಬಿದ್ದಿದ್ದ. ನೋಡಿದವರು ಯಾರೂ ಇರಲಿಲ್ಲ. ಡಬ್ಬಿಯ ಹಿಂದೆ, ಯಾರು ಯಾವಾಗ ಎಸೆದದ್ದೋ, ಸೆರೆಯ ಖಾಲಿ ಬಾಟಲಿಯೊಂದು ಬಿದ್ದಿತ್ತು. ಒಂದು ಕಾಲಕ್ಕೆ ನಾಮದೇವ ಕುಡಿಯುತ್ತಿದ್ದುದು ನಿಜ. ಮಗಳು ಹುಟ್ಟಿದ ಮೇಲೆ ಬಿಟ್ಟದ್ದೂ ಅಷ್ಟೇ ನಿಜ. ಆದರೆ ಊರಿಗೆ ಮೊದಲನೆಯದರ ನೆನಪು ಮಾತ್ರ ಇತ್ತು. ಸಂಜೆಯೊಳಗೆ ಸಂತಪುರದಿಂದ ಡಾಬಕಾದವರೆಗೆ ಒಂದೇ ಮಾತು: ಕುಡಿದು ಕೈ ಹಾಕಿದ, ಸತ್ತ.

ಕಾಶೀಬಾಯಿ ನಮ್ಮ ಮನೆಗೆ ಬಂದದ್ದು ಆ ಮಾತನ್ನು ಹೊತ್ತು. ಮಾಣಿಕರಾವ ಬಂದದ್ದು ಅವಳನ್ನು ಒಂದು ಸಲ ಸುಮ್ಮನಾಗಿಸಲು. ಡಾಬಕಾದಲ್ಲಿ ಬೇಸಾಯ ಮಾಡಿಕೊಂಡಿದ್ದ ಆತ ಕೆಟ್ಟವನೇನಲ್ಲ. ತಮ್ಮನ ಕುಡಿತದ ದಿನಗಳಲ್ಲಿ ಅವನನ್ನು ಹೆಗಲ ಮೇಲೆ ಹೊತ್ತು ಮನೆಗೆ ತಂದವನು, ಆ ಹೆಗಲು ಇನ್ನೂ ನೋಯುತ್ತಿತ್ತು ಅಷ್ಟೆ. ಕೂತವನೇ ನೆಲ ನೋಡುತ್ತ, "ಇಕಿ ಕೇಳಂಗಿಲ್ಲ ಸರ್, ಅದಕ್ಕ ಕರಕೊಂಡು ಬಂದೀನಿ. ಊರಿಗೆಲ್ಲ ಗೊತ್ತಿದ್ದ ಮಾತ. ನೀವು ಒಮ್ಮಿ ಹೇಳಿಬಿಡ್ರಿ" ಎಂದ.

ಕಾಶೀಬಾಯಿ ಅವನ ಕಡೆ ನೋಡಲಿಲ್ಲ. ಗಂಟನ್ನು ನನ್ನ ಕಡೆ ಸರಿಸಿ ಹೇಳಿದಳು: "ಅವರು ಬಿದ್ದಲ್ಲೇ ಇತ್ತುರಿ ಇದು. ನಾನೇ ಎತ್ತಿಕೊಂಡೀನಿ. ಗುಂಡಿ ಮುಟ್ಟಿಲ್ಲ, ಹ್ಯಾಂಗಿತ್ತೋ ಹಂಗೇ ಸುತ್ತಿಟ್ಟೀನಿ. ಮಗಳು ಸಾಲಿಗಿ ಹೋಗ್ತಾಳ್ರಿ ಸರ್. ಅಲ್ಲಿ ಹುಡುಗ್ಯಾರು ನಿಮ್ಮಪ್ಪ ಕುಡಿದು ಸತ್ತ ಅಂತಾರ. ಅವರು ನೋಡಿ ಕೈ ಹಾಕಿದ್ರೋ, ನೋಡದೇ ಹಾಕಿದ್ರೋ, ಇದು ಹೇಳ್ತದಂದ್ರ ಕೇಳಿ ಹೇಳ್ರಿ."

ಗಂಡನ ಹೆಣದ ಪಕ್ಕದಲ್ಲಿ ನಿಂತು, ಮೀಟರಿನ ಗುಂಡಿ ತಿರುಗಬಾರದೆಂದು ಯೋಚಿಸಿದ ಆ ಹೆಣ್ಣುಮಗಳ ಮುಂದೆ ನನ್ನ ಅಷ್ಟು ವರ್ಷಗಳ ಪ್ರಯೋಗಶಾಲೆ ಏನೂ ಅಲ್ಲ. ಗಂಟು ಬಿಚ್ಚಿದೆ. ಗುಂಡಿಯ ತುದಿ ಕಟ್ಟಕಡೆಯ ಅಂಕಿಗೆ, ಐದುನೂರಕ್ಕೆ ಮುಖಮಾಡಿ ನಿಂತಿತ್ತು. ಮನಸ್ಸಿನಲ್ಲೇ ದೇವರ ಹೆಸರು ಹೇಳಿದೆ. ವೈಂಡಿಂಗಿನವನಿಗೆ ದಿನವೂ ಬೇಕಾಗುವುದು ಗುಂಡಿಯ ಈಚಿನ ತುದಿ, ತಂತಿ ಕಡಿದಿದೆಯೋ ಇಲ್ಲವೋ ನೋಡುವ ಜಾಗ. ಆಚಿನ ಕಟ್ಟಕಡೆಗೆ ಹೋಗುವುದು ಒಂದೇ ಕಾರಣಕ್ಕೆ: ಮೋಟರಿನ ದೊಡ್ಡ ಕರೆಂಟು ಇದೆಯೋ ಇಲ್ಲವೋ ನೋಡಲು. ಇದನ್ನು ಮಾಣಿಕರಾವನಿಗೆ ಬಿಡಿಸಿ ಹೇಳಿದೆ. ನಾಮದೇವ ನೋಡಿದ್ದಾನೆ, ನೋಡದೆ ಕೈ ಹಾಕಿಲ್ಲ. ತೂರಾಡುವವನು ಗುಂಡಿಯನ್ನು ಇಷ್ಟು ನೇರ ನಿಲ್ಲಿಸಲಾರ, ಎಂದೆ. ಆತ ಒಪ್ಪಲಿಲ್ಲ. ನೋಡಿದ್ದರೆ ಮುಳ್ಳು ಏಳುತ್ತಿರಲಿಲ್ಲವೇ, ಎದ್ದ ಮುಳ್ಳು ಕುಡಿದ ಕಣ್ಣಿಗೆ ಕಾಣಲಿಲ್ಲ, ಅಷ್ಟೇ ಎಂದ.

ನ್ಯಾಯವಾದ ಪ್ರಶ್ನೆ. ನಾನು ಗುಂಡಿಯನ್ನು ಒಂದಿಷ್ಟೂ ಅಲುಗಿಸದೆ ಮೀಟರಿನ ಎರಡು ಮೊನೆಗಳನ್ನು ಗೋಡೆಯ ಸಾಕೆಟ್ಟಿಗೆ ತೂರಿಸಿದೆ. ಅದೇ ಬೋರ್ಡಿನಿಂದ ಹೋದ ತಂತಿಯಲ್ಲಿ ಮೇಜಿನ ದೀಪ ಉರಿಯುತ್ತಿತ್ತು, ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಮುಳ್ಳು ಸೊನ್ನೆಯ ಮೇಲೆ ನಿಂತಿತ್ತು. ಉಸಿರಾಡಿದಷ್ಟೂ ಅಲುಗಲಿಲ್ಲ. ನಾಲ್ವರೂ ಆ ಮುಳ್ಳನ್ನು ನೋಡಿದೆವು. ಹೊಲದಲ್ಲಿ ಅವನೊಬ್ಬನೇ ನೋಡಿದ್ದನ್ನು. ಮಾಣಿಕರಾವ ಕುರ್ಚಿಯನ್ನು ಮೆಲ್ಲಗೆ ಮೇಜಿನ ಕಡೆ ತಿರುಗಿಸಿಕೊಂಡ. ಮರಾಠಿಯಲ್ಲಿ ಏನೋ ಅಂದುಕೊಂಡ, ಬೈಗಳಾಗಿರಲಿಲ್ಲ. ಆಮೇಲೆ ತಲೆಯ ಮೇಲಿನ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು, ಮುಖವನ್ನು ಅಂಗೈಯಿಂದ ಒರೆಸಿಕೊಂಡ.

ಕಾಶೀಬಾಯಿ ಅಳಲಿಲ್ಲ. ಅವಳ ಗಂಡನ ಹೆಸರು ಆ ಕ್ಷಣ ಮೇಜಿನ ಮೇಲೆ ಚೊಕ್ಕಟವಾಗಿ ಎದ್ದು ನಿಂತಿತ್ತು. ಇಲ್ಲಿಗೇ ಗಂಟು ಕಟ್ಟಿಕೊಂಡು ಅವಳು ಎದ್ದು ಹೋಗಬಹುದಿತ್ತು. ಹೋಗಲಿ ಎಂದು ನಾನು ಎಷ್ಟು ಹಂಬಲಿಸಿದೆನೆಂದರೆ, ಮಾತು ಮುಗಿಯಿತೆಂಬಂತೆ ಚಹಾ ಮಾಡು ಎಂದು ಪ್ರಮೀಳಾಳಿಗೆ ಹೇಳಿಯೂಬಿಟ್ಟೆ. ಕಾಶೀಬಾಯಿ ಕೂತೇ ಇದ್ದಳು.

"ಮತ್ತ ಯಾಕ ಏಳಲಿಲ್ರಿ ಇದು?" ಎಂದು ಕೇಳಿದಳು.

ಮೀಟರನ್ನು ಬೋರಲು ಹಾಕಿದೆ. ನನ್ನ ಕೆಂಪು ಹನಿ ಇಟ್ಟಲ್ಲೇ ಇತ್ತು, ಒಂದು ಬಿರುಕೂ ಇಲ್ಲದೆ. ನನ್ನ ನಂತರ ಯಾರೂ ಒಳಗೆ ಕೈಯಿಟ್ಟಿರಲಿಲ್ಲ. ಅದನ್ನು ಉಗುರಿನಿಂದ ಎಬ್ಬಿಸಿ, ತಿರುಪು ಬಿಚ್ಚಿ, ಮುಚ್ಚಳ ತೆಗೆದೆ. ನನ್ನ ಬೆಸುಗೆಗಳು ಒಂದೊಂದೂ ಹಾಗೇ ಹೊಳೆಯುತ್ತಿದ್ದವು. ಗುಂಡಿಯ ಕಾಲು ಒಳಗಿಳಿಯುವಲ್ಲಿ ದುಂಡಗೆ ಜೋಡಿಸಿದ ಪುಟ್ಟ ಹಿತ್ತಾಳೆಯ ತುಂಡುಗಳಿರುತ್ತವೆ. ಗುಂಡಿ ತಿರುಗಿದಂತೆ ಒಂದೊಂದನ್ನು ಮುಟ್ಟುತ್ತ ಹೋಗುತ್ತದೆ. ದಿನವೂ ಗುಂಡಿ ತಿರುಗುವ ಬದಿಯ ತುಂಡುಗಳು ತಮ್ಮನ್ನು ತಾವೇ ತಿಕ್ಕಿಕೊಂಡು ಚೊಕ್ಕಟವಾಗಿದ್ದವು. ಕಟ್ಟಕಡೆಯದರ ಮೇಲೆ, ಅಪರೂಪಕ್ಕೊಮ್ಮೆ ಮಾತ್ರ ಗುಂಡಿ ಹೋಗುವ ಐದುನೂರರ ಮೇಲೆ, ಏನೋ ಒಣಗಿ ಹೆಪ್ಪಾಗಿತ್ತು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದೆ. ಹತ್ತಿ ಹಳದಿಯಾಯಿತು. ಇನ್ನೊಮ್ಮೆ ಒರೆಸಿದೆ. ಅಂಚಿಗೆ ಕೆಂಪು ಹತ್ತಿತು.

ವರ್ಷಕ್ಕೊಂದು ಬೊಟ್ಟು. ಗುಂಡಿಯ ಕಾಲಿನ ಗುಂಟ ಇಳಿದಿಳಿದು, ಯಾರೂ ನೋಡದ ಮೂಲೆಯಲ್ಲಿ ಕೂತು, ಒಂದರ ಮೇಲೊಂದು ಪದರು ಕಟ್ಟಿದ ಭಕ್ತಿ. ಕಾಶೀಬಾಯಿ ಅಭ್ಯಾಸಬಲದಿಂದ ಆ ಗುಂಡಿಯನ್ನು ಅತ್ತ ಇತ್ತ ನಾಲ್ಕು ಸಲ ತಿರುಗಿಸಿದ್ದರೆ ಆ ಪದರು ತಿಕ್ಕಿ ಹೋಗಿ, ಸಾಕೆಟ್ಟಿಗೆ ಹಿಡಿದಾಗ ಮುಳ್ಳು ಜಿಗಿದೆದ್ದು, ನಾಮದೇವ ಲೋಕದ ಬಾಯಲ್ಲಿ ಕುಡುಕನಾಗಿಯೇ ಉಳಿಯುತ್ತಿದ್ದ. ಮುಟ್ಟದೆ ಇದ್ದು ಗಂಡನ ಹೆಸರನ್ನು ಉಳಿಸಿಕೊಂಡ ಕೈ ಅದು. ಆ ಕೈಗೆ ಇನ್ನೊಂದು ಸುದ್ದಿ ಹೇಳಬೇಕಾದವನು ನಾನು.

ಸ್ಪಿರಿಟ್ಟಿನಲ್ಲಿ ನೆನೆದ ಅರಿಶಿನದ ವಾಸನೆ ಕೋಣೆಯಲ್ಲಿ ಹರಡಿತು. ಪ್ರಮೀಳಾ ಎದ್ದು, ತೆರೆದೇ ಇದ್ದ ಕಿಟಕಿಯ ಇನ್ನೊಂದು ಕದವನ್ನೂ ತೆರೆದಳು. ನಾನು ಹತ್ತಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ. ಇನ್ನೊಂದು ಕೈಯಿಂದ, ಮುಚ್ಚಳ ತೆಗೆಯುವ ಮೊದಲೇ ಕಾಯಲು ಇಟ್ಟಿದ್ದ ಸೋಲ್ಡರಿಂಗ್ ಕಡ್ಡಿ ಎತ್ತಿ, ಯಾವ ತಪ್ಪೂ ಇಲ್ಲದ ನನ್ನದೇ ಒಂದು ಬೆಸುಗೆಯ ಮೇಲೆ ಇಟ್ಟೆ. ರಾಳದ ಹೊಗೆ ಎದ್ದಿತು.

"ನನ್ನ ಬೆಸುಗಿ ತಂಗೀ" ಎಂದೆ. "ಕಚ್ಚಾ ಇತ್ತು. ಬಿಟ್ಟದ. ತಪ್ಪು ನಂದು."

ಮಾಣಿಕರಾವ ಎದ್ದು ನಿಂತ. ಹೊಡೆಯುತ್ತಾನೆಂದುಕೊಂಡೆ. ಹೊಡೆಯಲಿಲ್ಲ; ಮೇಜಿನ ಮೇಲೆ ಉದುರಿದ್ದ ಕೆಂಪು ಹನಿಯ ಚೂರನ್ನು ಬೆರಳ ತುದಿಗೆ ಅಂಟಿಸಿಕೊಂಡು ನನ್ನ ಮುಖದ ಮುಂದೆ ಹಿಡಿದು, ದನಿಯೇರಿಸದೆ ಕೇಳಿದ: "ಮತ್ತ ಇದು ಯಾಕ ಇಟ್ರಿ? ಇದನ್ನ ನೋಡಿ ನಂಬಿದ್ದಲ್ರಿ ನನ್ನ ತಮ್ಮ."

ನಾನು ಹೇಳಿದ ಸುಳ್ಳಿಗೆ ಅವನು ಹಾಕಿದ ಪ್ರಶ್ನೆ ಅಪ್ಪಟ ಸತ್ಯದ್ದಾಗಿತ್ತು.

ಕಾಶೀಬಾಯಿ ನನ್ನನ್ನು ನೋಡಿದಳು. ಮೊದಲು ಮುಖವನ್ನು, ಆಮೇಲೆ ಮುಚ್ಚಿದ ಮುಷ್ಟಿಯನ್ನು. "ನಿಮ್ಮ ಕೈ ಕಚ್ಚಾ ಅಂತ ಅವರು ಎಂದೂ ಅಂದಿದ್ದಿಲ್ರಿ" ಎಂದಳು. ಅಷ್ಟೇ. ಮೀಟರನ್ನು ಸರಿಮಾಡಿ ಕೊಡಿರೆಂದಳು, ಕೊಟ್ಟೆ. ಮತ್ತೆ ಅದೇ ಟವೆಲಿನಲ್ಲಿ ಸುತ್ತಿಕೊಂಡು, ಚಹಾ ಕುಡಿದು, ಲೋಟವನ್ನು ತಾನೇ ತೊಳೆದಿಟ್ಟು ಹೊರಟಳು.

ಅವರು ಹೋದ ಮೇಲೆ ಪ್ರಮೀಳಾ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹತ್ತಿ ತೆಗೆದುಕೊಂಡಳು. ಅಂಗೈ ಹಳದಿಯಾಗಿತ್ತು. ಸುಳ್ಳು ಹೇಳಿದಿರಿ, ಎಂದಳು. ಅರ್ಧ, ಎಂದೆ. ಆ ಬಣ್ಣ ಸಾಬೂನಿಗೆ ಹೋಗಲಿಲ್ಲ. ನಾಲ್ಕು ದಿನ ಊಟಕ್ಕೆ ಕೂತಾಗಲೆಲ್ಲ ಕಾಣುತ್ತಿತ್ತು.

ನಮ್ಮಜ್ಜಿ ಹಳ್ಳಿಯಿಂದ ಹಳ್ಳಿಗೆ ನಡೆದು ಹೆಣ್ಣುಮಕ್ಕಳಿಗೆ ಬೈಬಲಿನ ಕತೆ ಹೇಳುತ್ತಿದ್ದವಳು. ನನ್ನ ಬಾಯಲ್ಲಿರುವ ಕನ್ನಡದ ಬಹುಪಾಲು ಅವಳ ಎಲೆ ಅಡಿಕೆಯ ಚೀಲದಿಂದ ಬಂದದ್ದು. ಸುಳ್ಳಿಗೂ ತೂಕ ಇರ್ತದ, ಅದನ್ನ ಯಾರ ತಲಿ ಮ್ಯಾಲ ಇಡ್ತಿ ನೋಡಿ ಇಡು, ಎನ್ನುತ್ತಿದ್ದಳು. ನಾನು ನನ್ನ ತಲೆಯ ಮೇಲೇ ಇಟ್ಟುಕೊಂಡೆ, ಸರಿ. ಆದರೆ ಹೊರುವವನ ಮುಖದಲ್ಲಿ ಕಾಣದ ಒಂದು ಸುಖವೂ ಇರುತ್ತದಲ್ಲ, ನೋಡು ನಾನು ಎಂಥ ಭಾರ ಹೊತ್ತೆ ಎಂಬ ಸುಖ, ಅದನ್ನು ಯಾವ ತಕ್ಕಡಿಯಲ್ಲಿ ಹಾಕುವುದು? ಅದೂ ಇರಲಿ. ಕಾಶೀಬಾಯಿಗೆ ಬೊಟ್ಟಿನ ಮಾತು ಹೇಳದೆ ಉಳಿಸಿದ್ದು ಅವಳನ್ನೋ, ನನ್ನನ್ನೋ? ಏಕೆಂದರೆ ಆ ಮಾತನ್ನು ಬಿಚ್ಚಿದ್ದರೆ ಮುಂದಿನ ಮಾತೂ ತಾನಾಗಿ ಬರುತ್ತಿತ್ತು. ಪ್ರತಿ ಮಹಾನವಮಿಗೂ ಆ ಗುಂಡಿಯ ಎದುರಿಗೆ ಕೂತು ಹೋಳಿಗೆ ಉಂಡವನು ಯಾರು? ಗುಂಡಿಯ ಕಾಲು ಎಲ್ಲಿಗೆ ಇಳಿಯುತ್ತದೆ, ಅಲ್ಲಿ ಪುಡಿ ಬಿದ್ದರೆ ಏನಾಗುತ್ತದೆ ಎಂದು ಆ ಅಂಗಡಿಯಲ್ಲಿ ಬಲ್ಲವನು ಯಾರು? ಅವಳಿಗೆ ತಿಳಿದಿರಲಿಲ್ಲ. ನನಗೆ ತಿಳಿದಿತ್ತು, ಮತ್ತು ಚೆಂದ ಕಾಣುತ್ತಿತ್ತು, ಮತ್ತು ಆ ಚೆಂದ ನನ್ನ ಸಲುವಾಗಿತ್ತು. ಮೀಟರಿನ ಮುಂದೆ ಅವಳ ಕೆಂಪು, ಹಿಂದೆ ನನ್ನ ಕೆಂಪು; ಇವೆರಡರ ನಡುವೆ ಅವನು ಮೂರು ಸಲ ಮುಟ್ಟಿ ನೋಡುವುದನ್ನು ಮರೆತ. ಹಾಗಾಗಿ ತಪ್ಪು ನಂದು ಎಂದ ಮಾತಿನಲ್ಲಿ ಸುಳ್ಳಾದದ್ದು ಬೆಸುಗೆ ಮಾತ್ರ.

ಡಾಬಕಾದಲ್ಲಿ ಮಾಣಿಕರಾವ ಮನೆಮನೆಗೆ ಹೋಗಿ ತನ್ನ ತಮ್ಮ ಕುಡಿದು ಸಾಯಲಿಲ್ಲ, ಬೀದರಿನ ಸರ್ ಕೊಟ್ಟ ಮೀಟರು ಅವನನ್ನು ಕೊಂದಿತು ಎಂದು ಹೇಳಿದ. ಆ ಹುಡುಗಿಗೆ ಸಾಲೆಯಲ್ಲಿ ಕೇಳುವ ಮಾತು ನಿಂತಿತು. ನನ್ನ ಬಾಗಿಲಿಗೆ ಬರುವವರೂ ನಿಂತರು. ಸಂತಪುರದ ಒಬ್ಬ ಅಂಗಡಿಕಾರ ಕೆಂಪು ಹನಿಯ ಮೀಟರನ್ನು ತಂದು ಕಟ್ಟೆಯ ಮೇಲಿಟ್ಟು ಹೋದ. ಅದು ಸರಿಯಾಗಿಯೇ ಇತ್ತು. ನೇಲ್ ಪಾಲಿಶಿನ ಶೀಶೆಯನ್ನು ಪ್ರಮೀಳಾ ಎಲ್ಲೋ ಎಸೆದಳು; ನಾನು ಹುಡುಕಲಿಲ್ಲ. ಈಗ ಗೋಣಿಚೀಲದಿಂದ ಯಾವುದೋ ಯಂತ್ರ ತೆಗೆದು ಸರಿಮಾಡಿದರೆ ಅದರ ಬೆನ್ನಿಗೆ ಏನನ್ನೂ ಹಚ್ಚುವುದಿಲ್ಲ. ಒಂದು ಚೀಟಿ ಮಾತ್ರ ಅಂಟಿಸುತ್ತೇನೆ, "ನನ್ನನ್ನೂ ನೋಡಿ ನಂಬಿ" ಎಂದು. 

ಆ ವರ್ಷ ಕಾಶೀಬಾಯಿಯ ಮನೆಯಲ್ಲಿ ಹಬ್ಬವಿರಲಿಲ್ಲ. ಮರುವರ್ಷದ ಮಹಾನವಮಿಗೆ ಅವಳೇ ಫೋನ್ ಮಾಡಿ, ಅಂಗಡಿ ನಡಿಯಾಕ ಹತ್ಯದ, ಅಕ್ಕನ್ನ ಕರಕೊಂಡು ಊಟಕ್ಕ ಬರ್ರಿ ಎಂದಳು. ಹೋದೆವು. ಬಾಗಿಲಲ್ಲಿ ಒಂದು ಮೋಟರು ಬಿಚ್ಚಿಟ್ಟಿತ್ತು. ಸುತ್ತುವುದೂ ಕೂಡಿಸುವುದೂ ಈಗ ಅವಳೇ. ಹತ್ಯಾರಗಳೆಲ್ಲ ತೊಳೆದು ಸಾಲಾಗಿದ್ದವು: ಪಕ್ಕಡ, ಸುತ್ತಿಗೆ, ಸುರುಳಿಯ ಯಂತ್ರ. ಬೊಟ್ಟು ಇಡುವ ಕೈ ಮಾತ್ರ ಮಗಳು ರುಕ್ಮಾಳದು. ಸಾಲಿನ ಕೊನೆಗೆ, ಮಡಿಸಿದ ನೀಲಿ ಅಂಚಿನ ಟವೆಲಿನ ಮೇಲೆ, ಮೀಟರು ಇತ್ತು. ಅದನ್ನು ಒಂದು ತೆಳ್ಳನೆಯ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟು, ಬಾಯಿಗೆ ತಾಮ್ರದ ತಂತಿಯಿಂದ ಮೂರು ಸುತ್ತು ಬಿಗಿದು ಕಟ್ಟಿದ್ದರು. ರುಕ್ಮಾ ಅರಿಶಿನದ ಬೆರಳು ಹಿಡಿದುಕೊಂಡು ಅದರ ಮುಂದೆ ಬಂದು, ಕಟ್ಟು ಬಿಚ್ಚಲು ಹೋದಳು.

"ಚೀಲದ ಮ್ಯಾಲೇ ಹಚ್ಚವ್ವಾ. ಒಳಗ ಬ್ಯಾಡ" ಎಂದಳು ಕಾಶೀಬಾಯಿ, ತಾಟುಗಳನ್ನು ಒರೆಸುತ್ತ, ನನ್ನ ಕಡೆ ನೋಡದೆ.

ರುಕ್ಮಾ ಚೀಲದ ಮೇಲೆ, ಗುಂಡಿಯಿದ್ದ ಜಾಗಕ್ಕೆ ಸರಿಯಾಗಿ ಬೊಟ್ಟಿಟ್ಟಳು. ಕಾಶೀಬಾಯಿ ನನ್ನ ಮುಂದೆ ತಾಟು ಇಟ್ಟು ಹೋಳಿಗೆ ಬಡಿಸಿದಳು. ನಾನು ಉಂಡೆ.